ಕೇಕ್ ಮಿಕ್ಸ್ ಪೊಟ್ಟಣದಿಂದ ಕುಕೀಸ್: ಬೆಂಗಳೂರಿನ ಅಡುಗೆಮನೆಗೆ ಸಮಗ್ರ ಮಾರ್ಗದರ್ಶಿ

"ಒಂದು ಬಾಕ್ಸ್ ಕೇಕ್ ಮಿಕ್ಸ್, ಎರಡು ಮೊಟ್ಟೆ, ಅರ್ಧ ಕಪ್ ಎಣ್ಣೆ. ಕಲಸಿ, ಉಂಡೆ ಕಟ್ಟಿ, ಹತ್ತು ನಿಮಿಷ ಬೇಯಿಸಿ." ಇಂಟರ್‌ನೆಟ್ಟಿನಲ್ಲಿ ಸಿಗುವ ಕೇಕ್ ಮಿಕ್ಸ್ ಕುಕೀಸ್ ರೆಸಿಪಿ ಹೆಚ್ಚುಕಮ್ಮಿ ಇಷ್ಟೇ. ಸುಳ್ಳೇನಲ್ಲ. ಆದರೆ ಇದನ್ನೇ ನಂಬಿಕೊಂಡು ಮನೆ ಹತ್ತಿರದ ಅಂಗಡಿಯಿಂದ ಒಂದು ಪೊಟ್ಟಣ ತಂದು ಮಾಡಿದರೆ, ಟ್ರೇ ತುಂಬಾ ಹರಡಿಕೊಂಡ ಒಂದೇ ಒಂದು ದೊಡ್ಡ ಬಿಸ್ಕತ್ತು ಸಿಗುವ ಸಾಧ್ಯತೆ ಜಾಸ್ತಿ. ತಪ್ಪು ಕೈಯದಲ್ಲ. "ಒಂದು ಬಾಕ್ಸ್" ಅನ್ನುವ ಅಳತೆಯದು.

ಅಮೆರಿಕದಲ್ಲಿ ಬಹಳ ಕಾಲ ಒಂದು ಬಾಕ್ಸ್ ಕೇಕ್ ಮಿಕ್ಸ್ ಅಂದರೆ ಸುಮಾರು 517 ಗ್ರಾಂ ಇತ್ತು. ಆಮೇಲೆ ಕಂಪನಿಗಳು ಅದನ್ನು 432 ಗ್ರಾಂಗೆ ಇಳಿಸಿದವು. ಈಚೆಗೆ ಕೆಲವು ಬ್ರಾಂಡ್‌ಗಳು 375 ಗ್ರಾಂ ಆಸುಪಾಸಿಗೆ ಬಂದಿವೆ. ಬೆಲೆ ಏರಿಸುವ ಬದಲು ಪೊಟ್ಟಣ ಸಣ್ಣ ಮಾಡುವ ಈ ಉಪಾಯ ನಮಗೂ ಹೊಸದಲ್ಲ. ಇದರಿಂದ ಅಲ್ಲಿನವರ ಹಳೇ ರೆಸಿಪಿಗಳೇ ಅಲ್ಲಿ ಕೈಕೊಡುತ್ತಿವೆ. ನಮ್ಮಲ್ಲಂತೂ ಪೊಟ್ಟಣದ ತೂಕ ಇನ್ನೂರು ಗ್ರಾಂ ಆಸುಪಾಸಿನಿಂದ ಅರ್ಧ ಕೆಜಿವರೆಗೆ ಹೇಗೆ ಬೇಕಾದರೂ ಇರುತ್ತದೆ. 250 ಗ್ರಾಂ ಪುಡಿಗೆ ಎರಡು ಮೊಟ್ಟೆ, ಅರ್ಧ ಕಪ್ ಎಣ್ಣೆ ಸುರಿದರೆ ಅದು ಹಿಟ್ಟಾಗುವುದಿಲ್ಲ, ಸಂಪಣವಾಗುತ್ತದೆ.

ಹಾಗಾಗಿ ಈ ಬರಹದಲ್ಲಿ ಬಾಕ್ಸ್ ಲೆಕ್ಕ ಇಲ್ಲ. ಎಲ್ಲ ಗ್ರಾಂ ಲೆಕ್ಕ. ಮನೆಯಲ್ಲಿ ಒಂದು ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೂ ಪರವಾಗಿಲ್ಲ, ಪೊಟ್ಟಣದ ಮೇಲೆ ಅಚ್ಚಾಗಿರುವ ನಿವ್ವಳ ತೂಕ ನೋಡಿಕೊಂಡು ಲೆಕ್ಕ ಹಾಕಿ.

ಪೊಟ್ಟಣದ ಹಿಂಬದಿ ಮೊದಲು ಓದಿ

ಮುಂದಿನ ಚಿತ್ರ ಬಿಡಿ, ಹಿಂದೆ ತಿರುಗಿಸಿ. ನಮ್ಮ ದೇಶದ ನಿಯಮದಂತೆ ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು ಬರುತ್ತದೆ. ಕೇಕ್ ಮಿಕ್ಸ್‌ಗಳಲ್ಲಿ ಮೊದಲ ಎರಡು ಜಾಗ ಮೈದಾ ಮತ್ತು ಸಕ್ಕರೆಯವು. ಕೆಲವುದರಲ್ಲಿ ಸಕ್ಕರೆಯೇ ಮೊದಲು. ಆಮೇಲೆ ಹಾಲಿನ ಪುಡಿ, ಪಿಷ್ಟ, ಉಪ್ಪು, ಉಬ್ಬಿಸುವ ಪದಾರ್ಥಗಳು. ಐಎನ್‌ಎಸ್ 500(ii) ಅಂತ ಕಂಡರೆ ಗಾಬರಿಯಾಗಬೇಡಿ, ಅದು ನಮ್ಮ ಅಡುಗೆ ಸೋಡಾನೇ. 471 ಅಂತಿದ್ದರೆ ಅದು ಎಣ್ಣೆ ಮತ್ತು ನೀರು ಬೇರ್ಪಡದಂತೆ ಹಿಡಿದಿಡುವ ಪದಾರ್ಥ.

ಇದರಲ್ಲಿ ಕುಕೀಸ್‌ಗೆ ಬೇಕಾದ ಸುದ್ದಿ ಎರಡು. ಒಂದು, ಸಕ್ಕರೆ ಆಗಲೇ ಜಾಸ್ತಿ ಇದೆ. ಸಕ್ಕರೆ ಬಿಸಿಗೆ ಕರಗಿ ಹಿಟ್ಟನ್ನು ಹರಡಿಸುತ್ತದೆ, ಆದ್ದರಿಂದ ಹಿಟ್ಟು ಗಟ್ಟಿಯಾಗಿರಬೇಕು. ಎರಡು, ಉಬ್ಬಿಸುವ ಪುಡಿ ಕೇಕಿಗೆ ಬೇಕಾದಷ್ಟು ಇದೆ. ಹಾಗಾಗಿ ಈ ಕುಕೀಸ್ ಮೆತ್ತಗೆ, ಸ್ವಲ್ಪ ಉಬ್ಬಿ, ನಡುವೆ ಕೇಕಿನ ಗುಣ ಇಟ್ಟುಕೊಂಡೇ ಬರುತ್ತವೆ. ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಹಾಗೆ ಬಾಯಲ್ಲಿಟ್ಟರೆ ಪುಡಿಪುಡಿಯಾಗಬೇಕು ಅಂತಿದ್ದರೆ ಈ ದಾರಿ ಬೇಡ, ಅದಕ್ಕೆ ಬೇಕರಿಗೇ ಹೋಗಿ. ಸಂಜೆ ಕಾಫಿಗೆ ಮಕ್ಕಳೂ ದೊಡ್ಡವರೂ ತಿನ್ನುವಂಥ ಮೆತ್ತನೆಯ ಕುಕೀಸ್ ಅರ್ಧ ಗಂಟೆಯಲ್ಲಿ ಬೇಕು ಅಂದರೆ ಇದಕ್ಕಿಂತ ಸುಲಭದ್ದು ಇಲ್ಲ.

ಹಸಿರು ಚುಕ್ಕೆಯನ್ನೂ ನೋಡಿಕೊಳ್ಳಿ. ಎಗ್‌ಲೆಸ್ ಮಿಕ್ಸ್ ಅಂತ ಬರೆದಿದ್ದರೆ ಅದು ಮೊಟ್ಟೆ ಇಲ್ಲದೆಯೇ ಉಬ್ಬುವಂತೆ ಮಾಡಿದ್ದು. ಅದಕ್ಕೆ ಮೊಟ್ಟೆ ಹಾಕಿದರೂ ಕುಕೀಸ್ ಚೆನ್ನಾಗೇ ಆಗುತ್ತವೆ. ಮೊಟ್ಟೆ ಬೇಕು ಎಂದು ಹೇಳುವ ಮಿಕ್ಸ್‌ನಲ್ಲಿ ಮಾತ್ರ ಮೊಟ್ಟೆ ಬಿಟ್ಟರೆ ಏನಾದರೂ ಬದಲಿ ಕೊಡಲೇಬೇಕು. ಅದಕ್ಕೆ ಮುಂದೆ ಬರೋಣ.

ಮೂಲ ಅಳತೆ

250 ಗ್ರಾಂ ಕೇಕ್ ಮಿಕ್ಸ್‌ಗೆ: ಒಂದು ಮೊಟ್ಟೆ, 60 ಮಿಲಿ ವಾಸನೆ ಇಲ್ಲದ ಎಣ್ಣೆ ಅಂದರೆ ನಾಲ್ಕು ದೊಡ್ಡ ಚಮಚ, ಬೇಕಿದ್ದರೆ ಅರ್ಧ ಟೀ ಚಮಚ ವೆನಿಲ್ಲಾ. ಪಕ್ಕದಲ್ಲಿ ಎರಡು ದೊಡ್ಡ ಚಮಚ ಮೈದಾ ಇಟ್ಟುಕೊಂಡಿರಿ, ಹಿಟ್ಟು ನೋಡಿ ಬೇಕಾದರೆ ಮಾತ್ರ ಹಾಕಲು. ಇಷ್ಟರಲ್ಲಿ 20 ಗ್ರಾಂ ತೂಕದ ಹದಿನೆಂಟು ಕುಕೀಸ್ ಬರುತ್ತವೆ.

ಪೊಟ್ಟಣದ ತೂಕ ಬೇರೆ ಇದ್ದರೆ, ಪ್ರತಿ 100 ಗ್ರಾಂ ಪುಡಿಗೆ 24 ಮಿಲಿ ಎಣ್ಣೆ ಮತ್ತು ಒಡೆದು ಕದಡಿದ ಮೊಟ್ಟೆ 20 ಗ್ರಾಂ ಅಂತ ಲೆಕ್ಕ. ಮೊಟ್ಟೆಯನ್ನು ಅರ್ಧ ಮಾಡುವುದು ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕದಡಿದ ಒಂದು ಮೊಟ್ಟೆ ಹೆಚ್ಚುಕಮ್ಮಿ ಮೂರು ದೊಡ್ಡ ಚಮಚ ಬರುತ್ತದೆ. ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಆಮ್ಲೆಟ್‌ಗೆ ಹಾಕಿ.

ಗಮನಿಸಿ, ಇಲ್ಲಿ ನೀರು ಇಲ್ಲ, ಹಾಲೂ ಇಲ್ಲ. ಪೊಟ್ಟಣದ ಹಿಂದೆ "ಇಷ್ಟು ನೀರು ಸೇರಿಸಿ" ಅಂತ ಬರೆದಿರುವುದು ಕೇಕಿಗೆ. ಕುಕೀಸ್‌ಗೆ ಆ ಸಾಲನ್ನು ಪೂರ್ತಿ ಮರೆತುಬಿಡಿ. ಕೇಕಿಗೂ ಕುಕಿಗೂ ಇರುವ ವ್ಯತ್ಯಾಸದ ಮುಕ್ಕಾಲು ಪಾಲು ಈ ನೀರೇ. ಕಲಸುವಾಗ ಮೊದಲ ಎರಡು ನಿಮಿಷ ಹಿಟ್ಟು ಒಣಗಿದಂತೆ, ಸೇರುವುದೇ ಇಲ್ಲವೇನೋ ಅನ್ನಿಸುವಂತೆ ಕಾಣುತ್ತದೆ. ಆಗ ಕೈ ಹಾಲಿನ ಪಾತ್ರೆ ಕಡೆ ಹೋಗುತ್ತದೆ. ತಡೆಯಿರಿ. ಸಕ್ಕರೆ ನೆನೆಯುತ್ತಿದ್ದ ಹಾಗೆ ಹಿಟ್ಟು ತಾನಾಗಿ ಮೆತ್ತಗಾಗುತ್ತದೆ.

ಎಣ್ಣೆಯೋ ಬೆಣ್ಣೆಯೋ ತುಪ್ಪವೋ

ಎಣ್ಣೆ ಹಾಕಿದರೆ ಕುಕೀಸ್ ಮೆತ್ತಗೆ ಉಳಿಯುತ್ತವೆ, ಕೆಲಸವೂ ಬೇಗ. ರುಚಿ ಮಾತ್ರ ಸಪ್ಪೆ. ಸೂರ್ಯಕಾಂತಿ ಎಣ್ಣೆ ಸಾಕು. ಕಡಲೆಕಾಯಿ ಎಣ್ಣೆ ವಾಸನೆ ಬಿಡುತ್ತದೆ, ಕಡಲೆಬೀಜದ ಕುಕೀಸ್ ಮಾಡುವಾಗ ಬಿಟ್ಟು ಬೇರೆಯದಕ್ಕೆ ಬೇಡ.

ಅಂಗಡಿ ಬೆಣ್ಣೆಯಲ್ಲಿ ಸುಮಾರು ನೂರಕ್ಕೆ 80 ಭಾಗ ಕೊಬ್ಬು, ಉಳಿದದ್ದರಲ್ಲಿ ಬಹುಪಾಲು ನೀರು. 60 ಮಿಲಿ ಎಣ್ಣೆಯ ಜಾಗಕ್ಕೆ 65 ಗ್ರಾಂ ಬೆಣ್ಣೆ ಹಾಕಿ. ಉಪ್ಪು ಹಾಕಿದ ಬೆಣ್ಣೆಯಾದರೂ ನಡೆಯುತ್ತದೆ, ನನಗೆ ಅದೇ ಇಷ್ಟ. ಮಿಕ್ಸ್‌ನ ಅತಿ ಸಿಹಿಯನ್ನು ಆ ಉಪ್ಪು ಸ್ವಲ್ಪ ಹದಕ್ಕೆ ತರುತ್ತದೆ. ಬೆಣ್ಣೆ ಬೆರಳಿಗೆ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಿರಬೇಕು, ಕರಗಿರಬಾರದು. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಅದರಲ್ಲಿ ಮಜ್ಜಿಗೆ ನೀರು ಇನ್ನೂ ಜಾಸ್ತಿ ಇರುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಒತ್ತಿ ಹಿಂಡಿ, ಬಟ್ಟೆಯಲ್ಲಿ ನೀರು ಹೀರಿಸಿ ಆಮೇಲೆ ತೂಕ ಮಾಡಿ.

ತುಪ್ಪದಲ್ಲಿ ನೀರೇ ಇಲ್ಲ. 50 ರಿಂದ 55 ಗ್ರಾಂ ಸಾಕು. ಹರಳುಗಟ್ಟಿದ ತುಪ್ಪವೇ ಚೆನ್ನ, ಕಾಯಿಸಿದ್ದು ಬೇಡ. ಇದರ ಕುಕೀಸ್ ನಾನ್‌ಖಟಾಯಿ ಕಡೆಗೆ ವಾಲುತ್ತವೆ, ಸ್ವಲ್ಪ ಮರಳುಮರಳು. ಏಲಕ್ಕಿ ಜೊತೆ ತುಪ್ಪ ಸೇರಿದರೆ ಪೊಟ್ಟಣದ ಕೃತಕ ವೆನಿಲ್ಲಾ ವಾಸನೆ ಹಿಂದೆ ಸರಿಯುತ್ತದೆ. ಇದೊಂದೇ ಕಾರಣಕ್ಕೆ ಇದನ್ನು ಮಾಡಬಹುದು.

ಮೊಟ್ಟೆ ತಿನ್ನದ ಮನೆಗಳಿಗೆ

ಕೇಕ್ ಮಿಕ್ಸ್ ಕಥೆಯಲ್ಲಿ ಮೊಟ್ಟೆಗೆ ಮೊದಲಿನಿಂದಲೂ ಒಂದು ಪಾತ್ರ ಇದೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಡಫ್ ಕಂಪನಿಯವರ ಹತ್ತಿರ ಕಾಕಂಬಿ ಮಿಕ್ಕಿಹೋಗಿತ್ತು. ಅದನ್ನು ಹಿಟ್ಟಿನ ಜೊತೆ ಒಣಗಿಸಿ ಪುಡಿ ಮಾಡಿ, ನೀರು ಹಾಕಿದರೆ ಶುಂಠಿ ಕೇಕ್ ಆಗುವಂಥ ಮಿಶ್ರಣ ಮಾಡಿದರು. 1933ರಲ್ಲಿ ಪೇಟೆಂಟ್ ಸಿಕ್ಕಿತು. ಅದರಲ್ಲಿ ಮೊಟ್ಟೆ ಪುಡಿಯೂ ಸೇರಿತ್ತು. 1935ರ ಇನ್ನೊಂದು ಪೇಟೆಂಟ್‌ನಲ್ಲಿ ಮೊಟ್ಟೆ ಪುಡಿ ಬಿಟ್ಟು, ತಾಜಾ ಮೊಟ್ಟೆಯನ್ನು ಮನೆಯವರೇ ಹಾಕಲಿ ಅಂತ ಮಾಡಿದರು. ನಮ್ಮೂರಿಗೆ ಬಂದ ಮೇಲೆ ಕಥೆ ಮತ್ತೆ ತಿರುಗಿತು. ಹಾಸನದ ಕಡೆಯಿಂದ ಬಂದವರು ಗಲ್ಲಿಗಲ್ಲಿಯಲ್ಲಿ ಮೊಟ್ಟೆ ಇಲ್ಲದ ಬೇಕರಿ ತಿಂಡಿ ಮಾಡಿ ಒಗ್ಗಿಸಿದ ಊರಿದು. ಇಲ್ಲಿ ಎಗ್‌ಲೆಸ್ ಅಂದರೆ ಯಾರೂ ಮೂಗು ಮುರಿಯುವುದಿಲ್ಲ.

ಮೊಟ್ಟೆ ಕುಕೀಸ್‌ನಲ್ಲಿ ಎರಡು ಕೆಲಸ ಮಾಡುತ್ತದೆ: ತೇವ ಕೊಡುತ್ತದೆ, ಬೆಂದ ಮೇಲೆ ಹಿಡಿದಿಡುತ್ತದೆ. ತೇವಕ್ಕೆ ಬದಲಿ ಸುಲಭ, ಹಿಡಿತಕ್ಕೆ ಸ್ವಲ್ಪ ಯೋಚಿಸಬೇಕು. 250 ಗ್ರಾಂ ಎಗ್‌ಲೆಸ್ ಮಿಕ್ಸ್‌ಗೆ 65 ಗ್ರಾಂ ಮೆತ್ತನೆಯ ಬೆಣ್ಣೆ, ಎರಡು ದೊಡ್ಡ ಚಮಚ ಗಟ್ಟಿ ಮೊಸರು, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್. ಮೊಸರನ್ನು ಅರ್ಧ ಗಂಟೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ. ಹುಳಿ ಮೊಸರು ಬೇಡ. ಇಷ್ಟಾದರೂ ಹಿಟ್ಟು ಸೇರದಿದ್ದರೆ ಆಗ ಮಾತ್ರ ಹಾಲು, ಅದೂ ಒಂದೊಂದು ಟೀ ಚಮಚ. ನೀರು ಬೇಡ, ಹಾಲು ಬೇಡ ಅಂತ ಹೇಳಿದ್ದಕ್ಕೆ ಇದೊಂದೇ ವಿನಾಯಿತಿ.

ಚಾಕೊಲೇಟ್ ಮಿಕ್ಸ್ ಆದರೆ ಅಗಸೆ ಬೀಜವೂ ಒಳ್ಳೆಯ ಬದಲಿ. ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಲೋಳೆಯಾಗುತ್ತದೆ. ಅದು ಒಂದು ಮೊಟ್ಟೆಗೆ ಸಮ. ವೆನಿಲ್ಲಾ ಮಿಕ್ಸ್‌ನಲ್ಲಿ ಇದರ ಕಂದು ಚುಕ್ಕೆ ಕಾಣುತ್ತದೆ, ರುಚಿಯೂ ಇಣುಕುತ್ತದೆ. ಅಲ್ಲಿ ಮೊಸರೇ ವಾಸಿ. ಕಂಡೆನ್ಸ್‌ಡ್ ಮಿಲ್ಕ್ ಹಾಕಿ ಅಂತ ಹೇಳುವವರೂ ಇದ್ದಾರೆ. ಸಕ್ಕರೆ ತುಂಬಿದ ಪುಡಿಗೆ ಮತ್ತೆ ಸಕ್ಕರೆಯ ಹಾಲು ಯಾಕೆ? ತಳ ಬೇಗ ಕಪ್ಪಾಗುತ್ತದೆ ಅಷ್ಟೇ.

ಮೊಟ್ಟೆ ಇಲ್ಲದ ಕುಕೀಸ್ ಬಿಸಿಯಲ್ಲಿ ತುಂಬಾ ನಾಜೂಕು. ಉರಿ 165 ರಿಂದ 170 ಡಿಗ್ರಿಗೆ ಇಳಿಸಿ, ಸಮಯ ಎರಡು ನಿಮಿಷ ಜಾಸ್ತಿ ಮಾಡಿ. ಪೂರ್ತಿ ಆರುವವರೆಗೆ ಮುಟ್ಟಬೇಡಿ.

ಕಲಸುವುದು

ಪುಡಿಯನ್ನು ಜರಡಿ ಹಿಡಿಯಿರಿ. ಕೇಕಿಗಾದರೆ ಗಂಟು ನೀರಿನಲ್ಲಿ ಕರಗುತ್ತದೆ. ಇಲ್ಲಿ ನೀರಿಲ್ಲ, ಗಂಟು ಗಂಟಾಗೇ ಉಳಿದು ಕುಕಿಯಲ್ಲಿ ಬಿಳಿ ಚುಕ್ಕೆಯಾಗುತ್ತದೆ.

ಬಟ್ಟಲಲ್ಲಿ ಮೊದಲು ಮೊಟ್ಟೆ, ಎಣ್ಣೆ, ವೆನಿಲ್ಲಾ ಹಾಕಿ ಚೆನ್ನಾಗಿ ಕದಡಿ. ಬೆಣ್ಣೆಯಾದರೆ ಮೊದಲು ಬೆಣ್ಣೆಯನ್ನು ಒಂದು ನಿಮಿಷ ಚಮಚದಲ್ಲೇ ಮಸೆದು, ಆಮೇಲೆ ಮೊಟ್ಟೆ. ಈಗ ಪುಡಿಯನ್ನು ಎರಡು ಸಲವಾಗಿ ಸೇರಿಸಿ ಮರದ ಸೌಟು ಅಥವಾ ಸಿಲಿಕೋನ್ ಸ್ಪ್ಯಾಚುಲಾದಲ್ಲಿ ಮಡಚಿ ಮಡಚಿ ಕಲಸಿ. ಎಲೆಕ್ಟ್ರಿಕ್ ಬೀಟರ್ ಬೇಡವೇ ಬೇಡ. ಚಪಾತಿ ಹಿಟ್ಟಿನಂತೆ ನಾದುವುದೂ ಬೇಡ, ನಾದಿದಷ್ಟೂ ಮೈದಾದ ಜಿಗುಟು ಎದ್ದು ಕುಕಿ ರಬ್ಬರಾಗುತ್ತದೆ. ಒಣ ಪುಡಿ ಕಾಣದಂತಾದ ತಕ್ಷಣ ನಿಲ್ಲಿಸಿ.

ಎಣ್ಣೆ ಹಾಕಿದ ಹಿಟ್ಟು ಹೊಳೆಯುತ್ತದೆ, ಕೈಗೆ ಜಿಡ್ಡು ಹತ್ತುತ್ತದೆ. ಅದು ಸರಿ. ಆದರೆ ಉಂಡೆ ಮಾಡಿ ತಟ್ಟೆಯಲ್ಲಿಟ್ಟರೆ ನಿಲ್ಲಬೇಕು. ಒಂದು ನಿಮಿಷದಲ್ಲಿ ತಾನೇ ಚಪ್ಪಟೆಯಾಗಿ ಕೂತರೆ, ಪಕ್ಕದಲ್ಲಿಟ್ಟಿದ್ದ ಮೈದಾದಲ್ಲಿ ಒಂದು ಚಮಚ ಸೇರಿಸಿ.

ಈ ಹೆಚ್ಚುವರಿ ಮೈದಾಕ್ಕೆ ನಮ್ಮೂರಿನ ಎತ್ತರವೂ ಕಾರಣ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ, ಅಂದರೆ 3000 ಅಡಿ. ಇಲ್ಲಿ ನೀರು ನೂರಕ್ಕಲ್ಲ, 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಸೋಡಾ ಬಿಡುವ ಅನಿಲ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಉಬ್ಬಿದ ಹಿಟ್ಟು ಗಟ್ಟಿಯಾಗುವ ಮೊದಲೇ ಹರಡಿಕೊಳ್ಳುತ್ತದೆ. ಅಮೆರಿಕದ ಬಾಕ್ಸ್‌ಗಳ ಮೇಲೆ 3500 ಅಡಿಗಿಂತ ಎತ್ತರದ ಊರುಗಳಿಗೆ ಬೇರೆ ಸೂಚನೆ ಅಚ್ಚಾಗಿರುವುದುಂಟು. ನಾವು ಆ ಗೆರೆಯ ಹೊಸ್ತಿಲಲ್ಲಿದ್ದೇವೆ. ದೊಡ್ಡ ಬದಲಾವಣೆ ಬೇಕಿಲ್ಲ, ಒಂದೆರಡು ಚಮಚ ಮೈದಾ ಸಾಕು. ಮಂಗಳೂರಿನ ಅಕ್ಕನ ಮನೆಯಲ್ಲಿ ಇದೇ ಅಳತೆ ಮಾಡಿದರೆ ಆ ಮೈದಾ ಬಿಟ್ಟುಬಿಡಿ.

ಇನ್ನೊಂದು ಮಾತು. ಮಕ್ಕಳು ಹಸಿ ಹಿಟ್ಟನ್ನು ಬೆರಳಲ್ಲಿ ನೆಕ್ಕಲು ಬರುತ್ತಾರೆ, ಬಿಡಬೇಡಿ. ಮೊಟ್ಟೆ ಇಲ್ಲದ ಹಿಟ್ಟಾದರೂ ಸರಿ. ಮೈದಾ ಕೂಡ ಹಸಿ ಪದಾರ್ಥವೇ, ಅದರಲ್ಲಿ ಸಾಲ್ಮೊನೆಲ್ಲಾ, ಇ ಕೋಲೈ ಥರದ ಬ್ಯಾಕ್ಟೀರಿಯಾ ಇರಬಹುದು. ಬೆಂದ ಮೇಲೆ ಎಷ್ಟು ಬೇಕಾದರೂ ತಿನ್ನಲಿ.

ಫ್ರಿಜ್ಜಿನಲ್ಲಿ ಅರ್ಧ ಗಂಟೆ

ಮಾರ್ಚ್‌ನಿಂದ ಮೇ ವರೆಗೆ ಈ ಹಂತ ತಪ್ಪಿಸಬೇಡಿ. ಅಡುಗೆಮನೆ 30 ಡಿಗ್ರಿ ದಾಟಿದ ದಿನ ಬೆಣ್ಣೆ ಹಿಟ್ಟು ಕೈಯಲ್ಲೇ ಕರಗುತ್ತದೆ. ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಡಿಸೆಂಬರ್ ಜನವರಿಯಲ್ಲಿ ಹತ್ತು ನಿಮಿಷ ಹೊರಗೇ ಬಿಟ್ಟರೂ ಸಾಕು. ಆಗಿನ ತೊಂದರೆ ಉಲ್ಟಾ, ಬೆಣ್ಣೆ ಮೆತ್ತಗಾಗಲು ಕಾಯಬೇಕು. ಚಳಿಗಾಲದಲ್ಲಿ ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ತಟ್ಟೆಯಲ್ಲಿ ಹರಡಿಟ್ಟರೆ ಬೇಗ ಹದಕ್ಕೆ ಬರುತ್ತದೆ. ಒಲೆ ಮೇಲೆ ಕರಗಿಸಲು ಹೋಗಬೇಡಿ.

ಓವನ್ ವಿಚಾರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಳತೆ ಸರಿ ಇದ್ದೂ ಕೆಡುವ ಕುಕೀಸ್ ಬಹುಪಾಲು ಕೆಡುವುದು ಇಲ್ಲೇ.

ಒಟಿಜಿ, ಅಂದರೆ ರಾಡ್ ಬಿಸಿಯಲ್ಲಿ ಬೇಯಿಸುವ ಸಣ್ಣ ಕರೆಂಟ್ ಓವನ್, ಇದ್ದರೆ 175 ಡಿಗ್ರಿಗೆ ಇಟ್ಟು, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ, ಹದಿನೈದು ನಿಮಿಷ ಖಾಲಿ ಕಾಯಿಸಿ. ಬಹಳ ಒಟಿಜಿಗಳಲ್ಲಿ ದೀಪ ಆರಿದ ಮಾತ್ರಕ್ಕೆ ಒಳಗೆಲ್ಲ ಸಮನಾಗಿ ಬಿಸಿಯಾಗಿದೆ ಅಂತ ಅರ್ಥವಲ್ಲ. ಗುಂಡಿಯ ಮೇಲಿನ ಅಂಕಿಗೂ ಒಳಗಿನ ಬಿಸಿಗೂ ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಮ್ಮಿ ಇರುವುದು ಮಾಮೂಲು. ಒಳಗೆ ನೇತುಹಾಕುವ ಸಣ್ಣ ಓವನ್ ಥರ್ಮಾಮೀಟರ್ ಒಂದು ಕೊಳ್ಳಿ. ಬೇಕಿಂಗ್ ಸಾಮಾನಿನಲ್ಲಿ ದುಡ್ಡು ಹಾಕಲು ಯೋಗ್ಯವಾದದ್ದು ತಕ್ಕಡಿ ಬಿಟ್ಟರೆ ಇದೇ. ಬಣ್ಣಬಣ್ಣದ ಕಟರ್‌ಗಳು ಆಮೇಲೆ ನೋಡೋಣ.

ಪ್ಲಗ್ ಬಗ್ಗೆಯೂ ಒಂದು ಮಾತು. 1500 ವ್ಯಾಟ್‌ನ ಒಟಿಜಿ ಆರೂವರೆ ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ ಸಾಮಾನ್ಯ 6 ಆಂಪಿಯರ್ ಸಾಕೆಟ್‌ಗೆ ಅಥವಾ ಎಕ್ಸ್‌ಟೆನ್ಶನ್ ಬೋರ್ಡಿಗೆ ಅದನ್ನು ಸಿಕ್ಕಿಸಬೇಡಿ. ಗೀಸರ್ ಥರದ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ ಬೇಕು. ಹಳೇ ಬಾಡಿಗೆ ಮನೆಗಳಲ್ಲಿ ಅಡುಗೆಮನೆಯಲ್ಲಿ ಅದು ಇರುವುದಿಲ್ಲ. ಮೊದಲೇ ನೋಡಿಕೊಳ್ಳಿ.

ಮೈಕ್ರೋವೇವ್ ಆದರೆ ಕನ್ವೆಕ್ಷನ್ ಮೋಡ್ ಇರಲೇಬೇಕು. ಬರೀ ಮೈಕ್ರೋ ಮೋಡ್‌ನಲ್ಲಿ ಹಿಟ್ಟು ಬೇಯುತ್ತದೆಯೇ ಹೊರತು ಕೆಂಪಾಗುವುದಿಲ್ಲ, ಆರಿದ ಮೇಲೆ ಕಲ್ಲಾಗುತ್ತದೆ. ಕನ್ವೆಕ್ಷನ್‌ನಲ್ಲಿ ಫ್ಯಾನ್ ಬಿಸಿಗಾಳಿ ತಿರುಗಿಸುವುದರಿಂದ 160 ರಿಂದ 165 ಡಿಗ್ರಿ ಸಾಕು. ಟ್ರೇಯನ್ನು ಕೆಳಗಿನ ಸ್ಟ್ಯಾಂಡ್ ಮೇಲಿಡಿ.

ಎರಡೂ ಇಲ್ಲವೇ? ದಪ್ಪ ತಳದ ಹಳೇ ಬಾಣಲೆ ಇದ್ದರೆ ಆಯಿತು. ತಳಕ್ಕೆ ಎರಡು ಬೆರಳು ಉಪ್ಪು ಅಥವಾ ಮರಳು, ಅದರ ಮೇಲೆ ಒಂದು ಸ್ಟ್ಯಾಂಡ್, ಮೇಲೆ ಬಿಗಿ ಮುಚ್ಚಳ. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಆಮೇಲೆ ಸಣ್ಣ ಉರಿ. ಸಣ್ಣ ಸ್ಟೀಲ್ ತಟ್ಟೆಯಲ್ಲಿ ಐದಾರು ಕುಕೀಸ್ ಇಟ್ಟು ಹದಿನೈದರಿಂದ ಹದಿನೆಂಟು ನಿಮಿಷ. ತಳ ಕೆಂಪಾಗುತ್ತದೆ, ಮೇಲೆ ಬಿಳುಚಿಕೊಂಡೇ ಇರುತ್ತದೆ. ಅದಕ್ಕೇ ಈ ದಾರಿಗೆ ಚಾಕೊಲೇಟ್ ಮಿಕ್ಸ್ ಒಳ್ಳೆಯದು, ಬಣ್ಣದ ಚಿಂತೆ ಇಲ್ಲ. ಪ್ರೆಶರ್ ಕುಕ್ಕರ್‌ನಲ್ಲೇ ಮಾಡುವುದಾದರೆ ಗ್ಯಾಸ್ಕೆಟ್, ವಿಶಲ್ ಎರಡೂ ತೆಗೆದಿರಬೇಕು. ಒಣ ಕುಕ್ಕರ್ ಕಾಯಿಸುವುದರಿಂದ ಪಾತ್ರೆ ಹಾಳಾಗುತ್ತದೆ, ನಾನಂತೂ ಬಾಣಲೆಯನ್ನೇ ಆರಿಸುತ್ತೇನೆ. ಆ ಉಪ್ಪನ್ನು ಬೇರೆ ಡಬ್ಬಿಯಲ್ಲಿಟ್ಟು ಇದಕ್ಕೇ ಮತ್ತೆ ಬಳಸಿ.

ಬೇಯಿಸುವುದು

ಟ್ರೇಗೆ ಹಾಸಲು ಪಾರ್ಚ್‌ಮೆಂಟ್ ಪೇಪರ್ ಬೇಕು. ಬಟರ್ ಪೇಪರ್ ಅಂತ ಕೇಳಿದರೆ ಅಂಗಡಿಯವರು ಒಮ್ಮೊಮ್ಮೆ ಸ್ಯಾಂಡ್‌ವಿಚ್ ಸುತ್ತುವ ತೆಳು ಕಾಗದ ಕೊಡುತ್ತಾರೆ. ಅದು ಓವನ್ ಬಿಸಿಗೆ ಆಗುವುದಿಲ್ಲ. ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಅಂತ ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ತಗೊಳ್ಳಿ. ಕಾಗದ ಇಲ್ಲದಿದ್ದರೆ ಟ್ರೇಗೆ ತೆಳುವಾಗಿ ತುಪ್ಪ ಸವರಿ, ಮೈದಾ ಉದುರಿಸಿ ಕೊಡವಿ.

ಸಣ್ಣ ನಿಂಬೆಹಣ್ಣಿನ ಗಾತ್ರದ, 20 ಗ್ರಾಂ ಉಂಡೆ ಮಾಡಿ ಎರಡಿಂಚು ಅಂತರದಲ್ಲಿಡಿ. ಮೇಲೆ ಹಗುರವಾಗಿ ಒತ್ತಿ. ಎಲ್ಲ ಒಂದೇ ಗಾತ್ರ ಇರಲಿ, ಇಲ್ಲದಿದ್ದರೆ ಸಣ್ಣವು ಸೀಯುವ ಹೊತ್ತಿಗೆ ದೊಡ್ಡವು ಹಸಿಯಾಗಿರುತ್ತವೆ. ಟ್ರೇ ಓವನ್‌ನ ನಡುವಿನ ಹಂತದಲ್ಲಿರಲಿ.

ಹತ್ತರಿಂದ ಹನ್ನೆರಡು ನಿಮಿಷ. ಒಂಬತ್ತನೇ ನಿಮಿಷಕ್ಕೆ ಗಾಜಿನಿಂದಲೇ ಇಣುಕಿ ನೋಡಿ. ಅಂಚು ಗಟ್ಟಿಯಾಗಿ ಸ್ವಲ್ಪ ಬಣ್ಣ ತಿರುಗಿರಬೇಕು, ನಡುಭಾಗ ಇನ್ನೂ ಮೆತ್ತಗಿದ್ದರೂ ಹಸಿ ಹಿಟ್ಟಿನ ಹೊಳಪು ಹೋಗಿರಬೇಕು. ಆಗಲೇ ತೆಗೆಯಿರಿ. "ಇನ್ನೂ ಬೆಂದಿಲ್ಲ ಅಲ್ವಾ" ಅಂತ ಮನೆಯವರು ಹೇಳಿದರೂ ಕೇಳಬೇಡಿ. ಬಿಸಿ ಟ್ರೇ ಮೇಲೆ ಐದು ನಿಮಿಷ ಬಿಟ್ಟರೆ ಉಳಿದದ್ದು ಅಲ್ಲೇ ಬೇಯುತ್ತದೆ. ಓವನ್ ಒಳಗೇ ಪೂರ್ತಿ ಗಟ್ಟಿಯಾಗುವವರೆಗೆ ಕಾದರೆ ಆರಿದ ಮೇಲೆ ಹಲ್ಲಿಗೆ ಕೆಲಸ. ಐದು ನಿಮಿಷದ ನಂತರ ಜಾಲರಿ ಮೇಲೆ ಹಾಕಿ, ಅಡಿಯಿಂದ ಗಾಳಿ ಆಡಲಿ.

ಎರಡನೇ ಸರದಿಗೆ ಟ್ರೇ ತಣ್ಣಗಾಗಿರಬೇಕು. ಬಿಸಿ ಟ್ರೇ ಮೇಲೆ ಉಂಡೆ ಇಟ್ಟರೆ ಓವನ್ ಸೇರುವ ಮೊದಲೇ ಕರಗಲು ಶುರುವಾಗುತ್ತದೆ. ನಲ್ಲಿ ಕೆಳಗೆ ಹಿಡಿದು ಒರೆಸಿಬಿಡಿ.

ಮಧ್ಯದಲ್ಲಿ ಕರೆಂಟು ಹೋದರೆ? ಬಾಗಿಲು ತೆರೆಯಬೇಡಿ. ಆರೇಳು ನಿಮಿಷ ಕಳೆದಿದ್ದರೆ ಒಳಗಿನ ಬಿಸಿಯಲ್ಲೇ ಇನ್ನೊಂದು ಎಂಟು ಹತ್ತು ನಿಮಿಷ ಬಿಟ್ಟರೆ ಬೆಂದುಬಿಡುತ್ತವೆ. ಆಗತಾನೇ ಇಟ್ಟಿದ್ದರೆ ಟ್ರೇ ತೆಗೆದು ಸೀದಾ ಫ್ರಿಜ್ಜಿಗೆ. ಕರೆಂಟು ಬಂದ ಮೇಲೆ ಮತ್ತೆ ಓವನ್ ಕಾಯಿಸಿ ಶುರು ಮಾಡಿ.

ನಮ್ಮೂರ ರುಚಿಗಳು

ಪೊಟ್ಟಣದ ರುಚಿಯನ್ನು ಹಾಗೇ ಬಿಟ್ಟರೆ ಎಲ್ಲರ ಮನೆಯದೂ ಒಂದೇ ಥರ ಇರುತ್ತದೆ. ಬದಲಾಯಿಸಲು ಬಹಳ ಬೇಕಿಲ್ಲ.

ನನಗೆ ತುಂಬಾ ಇಷ್ಟವಾದದ್ದು ದಿಲ್‌ಪಸಂದ್ ಕುಕೀಸ್. ಬೇಕರಿಯ ದಿಲ್‌ಪಸಂದ್ ಒಳಗಿನ ಹೂರಣವನ್ನೇ ಇಲ್ಲಿ ತರುವುದು. ವೆನಿಲ್ಲಾ ಮಿಕ್ಸ್ 250 ಗ್ರಾಂ, ಎಣ್ಣೆಯ ಬದಲು ಬೆಣ್ಣೆ. ನಾಲ್ಕು ದೊಡ್ಡ ಚಮಚ ಒಣ ಕೊಬ್ಬರಿ ತುರಿ, ತಿಪಟೂರು ಕೊಬ್ಬರಿಯಾದರೆ ಕೇಳುವುದೇ ಬೇಡ. ಮೂರು ದೊಡ್ಡ ಚಮಚ ಟೂಟಿ ಫ್ರೂಟಿ, ಎರಡು ಚಮಚ ಗೋಡಂಬಿ ಚೂರು, ಅರ್ಧ ಟೀ ಚಮಚ ಏಲಕ್ಕಿ ಪುಡಿ. ಕೊಬ್ಬರಿಯನ್ನು ಬಾಣಲೆಯಲ್ಲಿ ಪರಿಮಳ ಬರುವಷ್ಟು ಬೆಚ್ಚಗೆ ಮಾಡಿ ಆರಿಸಿ ಹಾಕಿ. ಹಸಿ ತೆಂಗಿನಕಾಯಿ ತುರಿ ಬೇಡ, ಅದರ ತೇವ ಇಡೀ ಲೆಕ್ಕ ತಪ್ಪಿಸುತ್ತದೆ. ಟೂಟಿ ಫ್ರೂಟಿ ಅಂಟಂಟಾಗಿದ್ದರೆ ಒಂದು ಚಮಚ ಮೈದಾದಲ್ಲಿ ಹೊರಳಿಸಿ. ಕೊಬ್ಬರಿ ತೇವ ಹೀರುವುದರಿಂದ ಇದಕ್ಕೆ ಬೇರೆ ಮೈದಾ ಬೇಕಾಗುವುದಿಲ್ಲ.

ಕಾಫಿ ಕುಕೀಸ್‌ಗೆ ಫಿಲ್ಟರ್‌ನ ಮೊದಲ ಡಿಕಾಕ್ಷನ್ನೇ ಬೇಕು ಅನ್ನಿಸುತ್ತದೆ, ಆದರೆ ಅದು ನೀರು. ಒಂದು ದೊಡ್ಡ ಚಮಚಕ್ಕಿಂತ ಹೆಚ್ಚು ಹಾಕಿದರೆ ಹಿಟ್ಟು ಸಡಿಲ. ಅಷ್ಟರಲ್ಲಿ ರುಚಿ ಏಳುವುದೂ ಇಲ್ಲ. ಎರಡು ಟೀ ಚಮಚ ಇನ್‌ಸ್ಟಂಟ್ ಕಾಫಿ ಪುಡಿಯನ್ನು ಮೊಟ್ಟೆಯಲ್ಲೇ ಕದಡಿ ಕರಗಿಸುವುದು ಜಾಣತನ. ಚಾಕೊಲೇಟ್ ಮಿಕ್ಸ್‌ಗೆ ಇದನ್ನೇ ಒಂದು ಟೀ ಚಮಚ ಹಾಕಿದರೆ ಕಾಫಿ ರುಚಿ ಗೊತ್ತಾಗುವುದಿಲ್ಲ, ಚಾಕೊಲೇಟ್ ಮಾತ್ರ ಗಾಢವಾಗುತ್ತದೆ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಮನೆಗೆ ತಂದ ಸೇರುಗಟ್ಟಲೆ ಕಡಲೆಕಾಯಿ ಏನು ಮಾಡುವುದು ಅಂತ ಯೋಚಿಸುವವರಿಗೆ ಇದು: ಬೇಯಿಸಿದ್ದು ಬಿಟ್ಟು, ಹುರಿದ ಬೀಜದ ಸಿಪ್ಪೆ ಉಜ್ಜಿ ತೆಗೆದು, ತರಿತರಿಯಾಗಿ ಕುಟ್ಟಿ ಅರ್ಧ ಕಪ್ ಸೇರಿಸಿ. ಚಿಟಿಕೆ ಉಪ್ಪು. ಮೇಲೆ ಎರಡು ಮೂರು ಇಡೀ ಬೀಜ ಒತ್ತಿ.

ಚಾಕೊಲೇಟ್ ಮಿಕ್ಸ್‌ನಲ್ಲಿ ಮೇಲ್ಮೈ ಬಿರುಕು ಬಿಟ್ಟ ಕ್ರಿಂಕಲ್ ಕುಕೀಸ್ ಸುಲಭ. ತಣ್ಣಗಿನ ಉಂಡೆಯನ್ನು ಮೊದಲು ಸಾದಾ ಸಕ್ಕರೆಯಲ್ಲಿ, ಆಮೇಲೆ ಐಸಿಂಗ್ ಶುಗರ್‌ನಲ್ಲಿ ದಪ್ಪಗೆ ಹೊರಳಿಸಿ. ಮೊದಲ ಪದರ ಇಲ್ಲದಿದ್ದರೆ ಪುಡಿ ಸಕ್ಕರೆ ಹಿಟ್ಟಿನ ತೇವಕ್ಕೆ ಕರಗಿ ಮಾಯವಾಗುತ್ತದೆ. ಮನೆಯಲ್ಲೇ ಸಕ್ಕರೆ ಪುಡಿ ಮಾಡಿದರೆ ಎಂಟು ಚಮಚಕ್ಕೆ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ. ಈ ಕುಕೀಸ್‌ಗೆ ಮೇಲೆ ಒತ್ತಬೇಡಿ, ಉಂಡೆಯಾಗೇ ಇಡಿ, ಬಿರುಕು ಚೆನ್ನಾಗಿ ಬರುತ್ತದೆ.

ಸ್ಟ್ರಾಬೆರಿ, ಪೈನಾಪಲ್ ಥರದ ಮಿಕ್ಸ್‌ಗಳು ನನಗೆ ಹಿಡಿಸುವುದಿಲ್ಲ. ಕೇಕಿನಲ್ಲಿ ತೇಲಿಹೋಗುವ ಎಸೆನ್ಸ್ ವಾಸನೆ ಕುಕಿಯಲ್ಲಿ ಒತ್ತೊತ್ತಾಗಿ ಬರುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕೆ ಬಣ್ಣ ಬೇಕು ಅಂದರೆ ಮಾತ್ರ.

ಕೆಟ್ಟರೆ ಎಲ್ಲಿ ನೋಡಬೇಕು

ತುಂಬಾ ಹರಡಿದರೆ: ಬೆಣ್ಣೆ ಕರಗಿತ್ತು, ಇಲ್ಲವೇ ಓವನ್ ಕಾದಿರಲಿಲ್ಲ, ಇಲ್ಲವೇ ಟ್ರೇ ಬಿಸಿ ಇತ್ತು. ಉಳಿದ ಹಿಟ್ಟಿಗೆ ಒಂದು ಚಮಚ ಮೈದಾ ಹಾಕಿ ಫ್ರಿಜ್ಜಿಗಿಡಿ. ಅದಕ್ಕೇ ಯಾವಾಗಲೂ ಮೊದಲು ಎರಡೇ ಉಂಡೆ ಬೇಯಿಸಿ ನೋಡುವುದು ಒಳ್ಳೆಯದು, ಹೊಸ ಬ್ರಾಂಡ್ ತಂದಾಗಲಂತೂ ತಪ್ಪದೆ. ಹರಡದೆ ಗುಂಡಗೇ ಉಳಿದರೆ ಮೈದಾ ಜಾಸ್ತಿಯಾಗಿದೆ, ಮುಂದಿನ ಸರದಿಗೆ ಬಟ್ಟಲಿನ ತಳದಿಂದ ಒತ್ತಿ ಇಡಿ. ತಳ ಕಪ್ಪು, ಮೇಲೆ ಹಸಿ ಆದರೆ ಟ್ರೇ ಕೆಳಗಿನ ರಾಡ್‌ಗೆ ಹತ್ತಿರವಿದೆ. ಒಂದು ಹಂತ ಮೇಲೇರಿಸಿ, ಅಥವಾ ಎರಡು ಟ್ರೇ ಜೋಡಿಸಿ ಇಡಿ. ತಿಂದಾಗ ನಾಲಿಗೆಗೆ ಸೋಡಾ ಕಹಿ ಹತ್ತಿದರೆ ಪುಡಿ ಸರಿಯಾಗಿ ಬೆರೆತಿಲ್ಲ, ಜರಡಿ ಹಿಡಿಯುವುದನ್ನು ಬಿಟ್ಟಿದ್ದೀರಿ.

ಇಟ್ಟುಕೊಳ್ಳುವುದು

ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಬೆವೆತು ಒದ್ದೆಯಾಗುತ್ತವೆ. ನಾಲ್ಕೈದು ದಿನ ಹೊರಗೇ ಚೆನ್ನಾಗಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ತೇವಕ್ಕೆ ಎರಡನೇ ದಿನಕ್ಕೇ ಜೋತುಬೀಳುತ್ತವೆ. ಆಗ 150 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಬಿಸಿ ಮಾಡಿ ಆರಿಸಿದರೆ ಅಂಚು ಮತ್ತೆ ಗರಿಗರಿ. ಬೇಸಿಗೆಯಲ್ಲಿ ಉಲ್ಟಾ ಒಣಗಿ ಗಟ್ಟಿಯಾದರೆ ಡಬ್ಬಿಯಲ್ಲಿ ಒಂದು ತುಂಡು ಬ್ರೆಡ್ ಹಾಕಿಡಿ. ಬ್ರೆಡ್ಡಿನ ತೇವ ಕುಕೀಸ್‌ಗೆ ಹೋಗುತ್ತದೆ. ಬ್ರೆಡ್ಡನ್ನು ದಿನಾ ಬದಲಾಯಿಸಿ.

ಇದಕ್ಕಿಂತ ಒಳ್ಳೆಯ ದಾರಿ ಹಿಟ್ಟನ್ನೇ ಫ್ರೀಜ್ ಮಾಡುವುದು. ಉಂಡೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಫ್ರೀಜರ್‌ನಲ್ಲಿ ಎರಡು ಗಂಟೆ ಗಟ್ಟಿ ಮಾಡಿ, ಆಮೇಲೆ ಜಿಪ್ ಕವರಿಗೆ ತುಂಬಿ. ಕವರ್ ಮೇಲೆ ತಾರೀಕು ಬರೆಯಿರಿ. ಎರಡು ತಿಂಗಳು ಇರುತ್ತದೆ. ಯಾರಾದರೂ ಫೋನ್ ಮಾಡಿ "ಸಿಗ್ನಲ್‌ನಲ್ಲಿದ್ದೀವಿ, ಇನ್ನೇನು ಬಂದ್ವಿ" ಅಂದಾಗ ಓವನ್ ಹಾಕಿ. ನಮ್ಮೂರ ಟ್ರಾಫಿಕ್ಕಿನಲ್ಲಿ ಅವರು ಬರುವಷ್ಟರಲ್ಲಿ ಓವನ್ ಕಾದು ಕುಕೀಸ್ ಬೆಂದೂ ಆಗಿರುತ್ತವೆ. ಕರಗಿಸುವುದು ಬೇಡ, ಫ್ರೀಜರ್‌ನಿಂದ ಸೀದಾ ಟ್ರೇಗೆ, ಸಮಯಕ್ಕೆ ಎರಡು ನಿಮಿಷ ಸೇರಿಸಿ.

ಪೊಟ್ಟಣ ಸಿಗದ ದಿನ

ಕೇಕ್ ಮಿಕ್ಸ್‌ನಲ್ಲಿ ಮಾಯಮಂತ್ರ ಏನೂ ಇಲ್ಲ. 130 ಗ್ರಾಂ ಮೈದಾ, 100 ಗ್ರಾಂ ಪುಡಿ ಸಕ್ಕರೆ, 15 ಗ್ರಾಂ ಹಾಲಿನ ಪುಡಿ, ಮುಕ್ಕಾಲು ಟೀ ಚಮಚ ಬೇಕಿಂಗ್ ಪೌಡರ್, ದೊಡ್ಡ ಚಿಟಿಕೆ ಉಪ್ಪು. ಮೂರು ಸಲ ಜರಡಿ ಹಿಡಿಯಿರಿ. ಇದು 250 ಗ್ರಾಂ ವೆನಿಲ್ಲಾ ಮಿಕ್ಸ್‌ನ ಜಾಗಕ್ಕೆ ಸರಿ. ಚಾಕೊಲೇಟ್ ಬೇಕಾದರೆ ಮೈದಾದಲ್ಲಿ 25 ಗ್ರಾಂ ಕಡಿಮೆ ಮಾಡಿ ಅಷ್ಟೇ ಕೋಕೋ ಪುಡಿ ಹಾಕಿ. ಸಿಹಿ ನಿಮ್ಮ ಕೈಯಲ್ಲಿರುವುದು ಇದರ ಲಾಭ. ಸಕ್ಕರೆಯನ್ನು 80 ಗ್ರಾಂಗೆ ಇಳಿಸಿದರೂ ಕುಕೀಸ್ ಕೆಡುವುದಿಲ್ಲ, ಹರಡುವುದು ಕಡಿಮೆಯಾಗುತ್ತದೆ ಅಷ್ಟೇ. ಆಗ ಉಂಡೆಯನ್ನು ಸ್ವಲ್ಪ ಜಾಸ್ತಿ ಒತ್ತಿ, ಪಕ್ಕದಲ್ಲಿಟ್ಟ ಮೈದಾವನ್ನು ಡಬ್ಬಿಗೆ ವಾಪಸ್ ಹಾಕಿ.